ಮೂರು ಅಂಕದಿಂದ ಮೊದಲ ಸ್ಥಾನಕ್ಕೆ: ತುರ್ಕಿಯ ಹಾಡುಗಳ ಕಥೆ

ಪರೀಕ್ಷೆಯ ಅಂಕಪಟ್ಟಿ ಕೈಗೆ ಬಂದೊಡನೆ ನಾವು ನೋಡುವುದು ಎಷ್ಟು ಅಂಕ ಬಂತು ಎಂಬುದನ್ನು. ಅಳೆದ ಅಳತೆಗೋಲು ಎಂಥದ್ದು ಎಂದು ಕೇಳುವವರು ಕಡಿಮೆ. ವಿಜ್ಞಾನದ ಪ್ರಯೋಗಾಲಯದಲ್ಲಿ ಮಾತ್ರ ಈ ಪ್ರಶ್ನೆಯೇ ಮೊದಲು. ವಸ್ತುವನ್ನು ತೂಗುವ ಮುನ್ನ ತಕ್ಕಡಿಯನ್ನು ಪರೀಕ್ಷಿಸಬೇಕು ಎಂಬುದು ಅಲ್ಲಿ ಕಲಿಯುವ ಮೊದಲ ಪಾಠ. ಯೂರೋಪಿನ ಒಂದು ಹಾಡಿನ ಸ್ಪರ್ಧೆಯಲ್ಲಿ ತುರ್ಕಿ ದೇಶ ಗಳಿಸಿದ ಅಂಕಗಳನ್ನು ಇದೇ ದೃಷ್ಟಿಯಿಂದ ನೋಡೋಣ.

ಯೂರೋವಿಷನ್ ಹಾಡಿನ ಸ್ಪರ್ಧೆ ಆರಂಭವಾದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ. ಏಳು ದೇಶಗಳು ಭಾಗವಹಿಸಿದ್ದವು. ಹಲವು ದೇಶಗಳ ಕೇಂದ್ರಗಳನ್ನು ಬೆಸೆದು ಒಂದೇ ಕಾರ್ಯಕ್ರಮವನ್ನು ನೇರವಾಗಿ ಪ್ರಸಾರ ಮಾಡುವುದು ಅಂದಿನ ದೂರದರ್ಶನ ತಂತ್ರಜ್ಞರಿಗೆ ದೊಡ್ಡ ಸಾಹಸವೇ ಆಗಿತ್ತು.

ತುರ್ಕಿ ಮೊದಲ ಬಾರಿಗೆ ಹಾಡಿದ್ದು 1975ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಪ್ರತಿಯೊಂದು ದೇಶವೂ ತನಗೆ ಮೆಚ್ಚುಗೆಯಾದ ಹತ್ತು ಹಾಡುಗಳಿಗೆ 1ರಿಂದ 8, ಆಮೇಲೆ 10 ಮತ್ತು 12 ಅಂಕ ಕೊಡುವ ಪದ್ಧತಿ ಜಾರಿಗೆ ಬಂದದ್ದೂ ಅದೇ ವರ್ಷ. ಸೆಮಿಹಾ ಯಾಂಕಿ ಎಂಬ ಎಳೆಯ ಗಾಯಕಿ ‘ನಿನ್ನೊಡನೆ ಒಂದು ನಿಮಿಷ’ ಎಂಬ ಅರ್ಥದ ಶೀರ್ಷಿಕೆಯ ಹಾಡನ್ನು ಹಾಡಿದರು. ಸಿಕ್ಕಿದ್ದು 3 ಅಂಕ. 19 ದೇಶಗಳಲ್ಲಿ ಕೊನೆಯ ಸ್ಥಾನ. ಹಿಂದಿನ ವರ್ಷವಷ್ಟೇ, ಅಂದರೆ 1974ರಲ್ಲಿ, ತುರ್ಕಿಯ ಸೇನೆ ಸೈಪ್ರಸ್ ದ್ವೀಪಕ್ಕೆ ಇಳಿದಿತ್ತು. 1975ರ ಸ್ಪರ್ಧೆಗೆ ಗ್ರೀಸ್ ಬರಲಿಲ್ಲ. 1976ರಲ್ಲಿ ಸೈಪ್ರಸ್‌ನ ದುಃಖವನ್ನು ಹೇಳುವ ಹಾಡಿನೊಂದಿಗೆ ಗ್ರೀಸ್ ಬಂದಾಗ ತುರ್ಕಿ ಇರಲಿಲ್ಲ. ಹಾಡಿನ ವೇದಿಕೆಯೂ ಇತಿಹಾಸದಿಂದ ದೂರವಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

1980ರಲ್ಲಿ ಹೆಸರಾಂತ ಗಾಯಕಿ ಅಜ್ದಾ ಪೆಕ್ಕಾನ್ ಹೇಗ್ ನಗರಕ್ಕೆ ಬಂದರು. ಇರಾನಿನ ಕ್ರಾಂತಿಯ ನಂತರ ತೈಲದ ಬೆಲೆ ಏರಿದ್ದ ಕಾಲ ಅದು. ಅವರ ಹಾಡಿನ ಹೆಸರು ‘ಪೆಟ್ರಾಯಿಲ್’! ಒಟ್ಟು ಬಂದದ್ದು 23 ಅಂಕ. ಅದರಲ್ಲಿ 12 ಅಂಕ ಒಂದೇ ದೇಶದ್ದು: ಆಫ್ರಿಕಾ ಖಂಡದ ಮೊರಾಕೊ. ಆ ದೇಶ ಈ ಸ್ಪರ್ಧೆಗೆ ಬಂದದ್ದು ಅದೊಂದೇ ಬಾರಿ. ಕೇಳುವ ಕಿವಿಯೊಂದು ಹೊಸದಾಗಿ ಸೇರಿದೊಡನೆ ಅಂಕವೂ ಬದಲಾಯಿತು.

1983ರ ಮ್ಯೂನಿಕ್ ಸ್ಪರ್ಧೆಯ ಕಥೆ ನೋವಿನದು. ಚೆತಿನ್ ಆಲ್ಪ್ ‘ಒಪೆರಾ’ ಎಂಬ ಹಾಡನ್ನು ಹಾಡಿ ಸೊನ್ನೆ ಪಡೆದರು. ಸ್ಪೇನ್ ದೇಶಕ್ಕೂ ಅಂದು ಸೊನ್ನೆಯೇ ಸಿಕ್ಕಿತ್ತು. ‘ಒಪೆರಾ’ ಹಾಡನ್ನು ಬರೆದವರು ಬೇರೆ, ರಾಗ ಹಾಕಿದವರು ಬೇರೆ, ಆರಿಸಿ ಕಳಿಸಿದವರು ಬೇರೆ. ಆದರೆ ಸೊನ್ನೆ ಅಂಟಿಕೊಂಡದ್ದು ಹಾಡಿದವರಿಗೆ. 2004ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸೊನ್ನೆಯ ನೆನಪು ಅವರ ಹೆಸರಿನ ಜೊತೆಗೇ ಇತ್ತು.

ನನಗೆ ಅಚ್ಚುಮೆಚ್ಚಿನದು 1986ರ ಹಾಡು. ಸುಮಾರು 76 ವರ್ಷಗಳಿಗೊಮ್ಮೆ ಸೂರ್ಯನ ಬಳಿ ಬರುವ ಹ್ಯಾಲಿ ಧೂಮಕೇತು ಆ ಫೆಬ್ರವರಿಯಲ್ಲಿ ಬಂದು ಹೋಗಿತ್ತು. ಮೇ ತಿಂಗಳಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ತುರ್ಕಿಯ ತಂಡ ಹಾಡಿದ ಹಾಡಿನ ಹೆಸರೂ ‘ಹ್ಯಾಲಿ’. 53 ಅಂಕ, 9ನೇ ಸ್ಥಾನ. ಆದರೆ ಮರುವರ್ಷವೇ ಮತ್ತೆ ಸೊನ್ನೆ!

ಅಲ್ಲಿಯವರೆಗೆ ಅಂಕ ಕೊಡುತ್ತಿದ್ದವರು ಆಯಾ ದೇಶದ ತೀರ್ಪುಗಾರರ ಸಣ್ಣ ಮಂಡಳಿಗಳು. 1997ರಲ್ಲಿ ಐದು ದೇಶಗಳಲ್ಲಿ ಮನೆಯಿಂದಲೇ ದೂರವಾಣಿ ಮಾಡಿ ಮತ ಹಾಕುವ ಪ್ರಯೋಗ ನಡೆಯಿತು. ಜರ್ಮನಿ ಅವುಗಳಲ್ಲೊಂದು. 1961ರ ಒಪ್ಪಂದದ ನಂತರ ದುಡಿಯಲು ಬಂದ ತುರ್ಕಿಯವರ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಆ ವರ್ಷ ಷೆಬ್ನೆಮ್ ಪಾಕೆರ್ ಹಾಡಿದ ‘ದಿನ್ಲೆ’, ಅಂದರೆ ‘ಕೇಳು’, ಜರ್ಮನಿಯಿಂದ ಪೂರ್ಣ 12 ಅಂಕ ಪಡೆಯಿತು. ಒಟ್ಟು 121 ಅಂಕ, 3ನೇ ಸ್ಥಾನ.

ಹಾಗಾದರೆ ಗೆದ್ದದ್ದು ದೂರವಾಣಿಯೇ? ಅವಸರದಲ್ಲಿ ಹಾಗೆ ತೀರ್ಮಾನಿಸಬಾರದು. ‘ದಿನ್ಲೆ’ಗೆ ಹಳೆಯ ಪದ್ಧತಿಯ ಮಂಡಳಿಗಳೂ ಧಾರಾಳವಾಗಿ ಅಂಕ ಕೊಟ್ಟಿದ್ದವು. 1998ರಲ್ಲಿ ಬಹುತೇಕ ಎಲ್ಲ ದೇಶಗಳಿಗೂ ದೂರವಾಣಿ ಮತ ಬಂದಾಗ ತುರ್ಕಿ 14ನೇ ಸ್ಥಾನಕ್ಕೆ ಇಳಿಯಿತು. ತಕ್ಕಡಿ ಬದಲಾದರೆ ಸಾಲದು, ತಟ್ಟೆಯಲ್ಲಿಟ್ಟ ವಸ್ತುವಿಗೂ ತೂಕ ಇರಬೇಕು.

1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಎಂಬ ನಿಯಮ ಬಂತು. 2003ರಲ್ಲಿ ಲಾಟ್ವಿಯಾದ ರಿಗಾದಲ್ಲಿ ಸೆರ್ತಾಬ್ ಎರೆನೆರ್ ಇಂಗ್ಲಿಷಿನಲ್ಲಿ ಹಾಡಿ 167 ಅಂಕಗಳೊಂದಿಗೆ ಗೆದ್ದರು. ಎರಡನೆಯದಾದ ಬೆಲ್ಜಿಯಂಗೆ 165. ನಮ್ಮ ಭಾಷೆ ಬಿಟ್ಟು ಹಾಡಬೇಕಿತ್ತೇ ಎಂಬ ಚರ್ಚೆ ತುರ್ಕಿಯಲ್ಲಿ ನಡೆದಿತ್ತು. ಅಂದು ಸೈಪ್ರಸ್ ಮೊದಲ ಬಾರಿಗೆ ತುರ್ಕಿಗೆ ಅಂಕ ಕೊಟ್ಟಿತು: ಎಂಟು. ಒಂದು ತಿಂಗಳ ಹಿಂದೆಯಷ್ಟೇ ಆ ದ್ವೀಪದ ಎರಡು ಭಾಗಗಳ ನಡುವೆ ಜನ ಓಡಾಡಲು ದಾರಿ ತೆರೆದಿತ್ತು.

2008ರಲ್ಲಿ ಮೋರ್ ವೆ ಓತೆಸಿ ತಂಡ ಮತ್ತೆ ತುರ್ಕಿ ಭಾಷೆಯಲ್ಲೇ ಹಾಡಿ 7ನೇ ಸ್ಥಾನ ಗಳಿಸಿತು. 2012ರ ನಂತರ ತುರ್ಕಿ ಸ್ಪರ್ಧೆಯಿಂದ ಹೊರಬಂತು. ತೀರ್ಪುಗಾರರಿಗೆ ಮತ್ತೆ ಅರ್ಧ ಪಾಲು ಕೊಟ್ಟದ್ದು ಮತ್ತು ಐದು ದೊಡ್ಡ ದೇಶಗಳಿಗೆ ನೇರ ಪ್ರವೇಶವಿದ್ದದ್ದು ಅಲ್ಲಿನ ಪ್ರಸಾರ ಸಂಸ್ಥೆಯ ಆಕ್ಷೇಪವಾಗಿತ್ತು. ಕೊನೆಗೂ ಜಗಳ ತಕ್ಕಡಿಯ ಬಗ್ಗೆಯೇ!

ವಿದ್ಯಾರ್ಥಿ ಮಿತ್ರರೇ, ಅಂಕ ಸುಳ್ಳಲ್ಲ. ಆದರೆ ಅದು ಬರೆದವರ ಜೊತೆಗೆ ಅಳೆದವರ ಕಥೆಯನ್ನೂ ಹೇಳುತ್ತದೆ. ಅವಕಾಶ ಸಿಕ್ಕರೆ ‘ಒಪೆರಾ’, ‘ಹ್ಯಾಲಿ’, ‘ದಿನ್ಲೆ’ ಮೂರನ್ನೂ ಕೇಳಿ. ಗೆಳೆಯರು ನಾಲ್ಕು ಜನ ಕುಳಿತು, ಇಲ್ಲಿರುವ ಸ್ಥಾನಗಳನ್ನು ಮರೆತು, ಒಂದರಿಂದ ಹನ್ನೆರಡರೊಳಗೆ ಅಂಕ ಕೊಡಿ. ನಾಲ್ವರ ಪಟ್ಟಿಗಳನ್ನು ಆಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿ.