ಕೌಮಾರಭೃತ್ಯವೂ ಮಕ್ಕಳ ಮೆದುಳಿನ ಗಡ್ಡೆಯೂ

ಇಂಡಿಯಲ್ಲಿ ಈಚೆಗೆ ನಡೆದ ಒಂದು ಸಣ್ಣ ವಿದ್ವದ್ಗೋಷ್ಠಿಯಲ್ಲಿ ಮಿತ್ರರೊಬ್ಬರು, ಮಕ್ಕಳ ಮೆದುಳಿನಲ್ಲಿ ಬೆಳೆಯುವ ಗಡ್ಡೆಯನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರೆಂದೂ ಪಾಶ್ಚಾತ್ಯ ವೈದ್ಯರು ಅದರಲ್ಲಿ ಹೊಸದಾಗಿ ಕಂಡುದು ಏನೂ ಇಲ್ಲವೆಂದೂ ಸಾಧಿಸಿದರು. ಸುಶ್ರುತನ ಬಾಲಗ್ರಹಗಳು, ವಾಗ್ಭಟನ ಶಿರೋರ್ಬುದ, ಜೀವಕನ ಮತ್ತು ಭೋಜರಾಜನ ಕಥೆಗಳು, ಇವು ಅವರು ಕೊಟ್ಟ ಆಧಾರಗಳು. ಸಭಿಕರು ಸಂತೋಷಪಟ್ಟರು. ಈ ಗ್ರಂಥಗಳನ್ನು ಪಾಠಶಾಲೆಯಲ್ಲಿ ಗುರುಮುಖದಿಂದ ಓದಿದ ನನಗೆ ಮಾತ್ರ ಆ ಸಂತೋಷದಲ್ಲಿ ಪಾಲುಗೊಳ್ಳಲಾಗಲಿಲ್ಲ. ಅಂದು ಹೇಳದೆ ಉಳಿದುದನ್ನು ಇಲ್ಲಿ ವಿದ್ವಾಂಸರ ಮುಂದಿಡುತ್ತಿದ್ದೇನೆ.

ಮೊದಲು ಬಾಲಗ್ರಹಗಳ ಮಾತು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ ಎಂದು ಒಂಬತ್ತು ಗ್ರಹಗಳನ್ನು ಹೇಳಿದೆ. ಇವುಗಳಲ್ಲಿ ನೈಗಮೇಷನ ಲಕ್ಷಣವನ್ನೇ ನಮ್ಮ ಮಿತ್ರರು ಮುಖ್ಯವಾಗಿ ಹಿಡಿದರು: ಮಗು ನೊರೆಯನ್ನು ಕಾರುತ್ತದೆ, ನಡುವಿನಲ್ಲಿ ಬಾಗುತ್ತದೆ, ಮೇಲೆ ನೋಡುತ್ತ ಅಳುತ್ತದೆ. ವಾಂತಿಯೂ ಕಣ್ಣಿನ ವಿಕಾರವೂ ಮೆದುಳಿನ ಗಡ್ಡೆಯಲ್ಲಿ ಉಂಟೆಂಬುದು ದಿಟ. ಆದರೆ ಗಡ್ಡೆಯು ದಾರಿಗಟ್ಟಿದುದರಿಂದ ಮೆದುಳಿನೊಳಗಣ ನೀರು ಹೊರಹರಿಯದೆ ತುಂಬಿ ಒತ್ತಡವೇರಿದಾಗ ಶಿಶುವಿನ ದೃಷ್ಟಿಯು ಕೆಳಕ್ಕೆ ಇಳಿಯುತ್ತದೆ; ಮುಳುಗುವ ಸೂರ್ಯನಂತೆ ಕರಿಯಾಲಿಯು ಕೆಳರೆಪ್ಪೆಯ ಮರೆಗೆ ಸರಿಯುತ್ತದೆ. ಸುಶ್ರುತನ ಮಗು ಮೇಲೆ ನೋಡುತ್ತದೆ. ಲಕ್ಷಣದ ಒಂದು ಪಾದವನ್ನು ಹಿಡಿದು ಮತ್ತೊಂದನ್ನು ಬಿಡುವುದು ವ್ಯಾಖ್ಯಾನಮಾರ್ಗವಲ್ಲ. ಗ್ರಹಗಳ ವರ್ಣನೆಯಲ್ಲಿ ಸೆಳವು, ಮಿದುಳ್ಪೊರೆಯ ಉರಿಯೂತ, ಅತಿಸಾರ ಮೊದಲಾದ ಎಷ್ಟೋ ವ್ಯಾಧಿಗಳು ಕಲೆತಿರುವಂತೆ ತೋರುತ್ತದೆ. ಗಡ್ಡೆಯ ಮಗುವೂ ಆ ಗುಂಪಿನಲ್ಲಿ ಅಡಗಿದ್ದೀತು. ಆದರೆ ಅಡಗಿದ್ದೀತೆಂಬುದು ಬೇರೆ, ಗುರುತಿಸಲ್ಪಟ್ಟಿತೆಂಬುದು ಬೇರೆ.

ವಾಗ್ಭಟನ ವಿಷಯದಲ್ಲಿ ಪ್ರಮಾದವು ಇನ್ನೂ ಸ್ಪಷ್ಟ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಹತ್ತು ಶಿರೋರೋಗಗಳನ್ನು ಹೇಳಿ, ಬಳಿಕ ಕಪಾಲದ ಒಂಬತ್ತು ರೋಗಗಳನ್ನು ಎಣಿಸಿದ್ದಾನೆ. ಅರ್ಬುದವು ಬರುವುದು ಈ ಎರಡನೆಯ ಪಟ್ಟಿಯಲ್ಲಿ. ಅದರ ನೆರೆಹೊರೆಯವರು ಯಾರೆಂದು ನೋಡಬೇಕು: ತಲೆಹುಣ್ಣು, ಕೂದಲುದುರುವುದು, ಬೋಳುತಲೆ, ನರೆ. ಪ್ರಕರಣಬಲದಿಂದ ಇದು ತಲೆಯ ಹೊರಗಣ ಚರ್ಮದ ಗಂಟು, ಮಸ್ತುಲುಂಗದ ಒಳಗಿನದಲ್ಲ. ಅದೇ ಪಟ್ಟಿಯ ಉಪಶೀರ್ಷಕವೆಂಬುದು, ಗರ್ಭದಲ್ಲಿಯೇ ಉಂಟಾಗಿ ಹುಟ್ಟಿದ ಕೂಸಿನ ತಲೆಯ ಮೇಲೆ ಕಾಣುವ, ನೋವಿಲ್ಲದ ಬಾವು, ಇದೂ ಹೊರಗಿನದೇ.

ಇನ್ನು ಕಥೆಗಳು. ವಿನಯಪಿಟಕದ ಮಹಾವಗ್ಗದಲ್ಲಿ ಜೀವಕನು ರಾಜಗೃಹದ ಶ್ರೇಷ್ಠಿಯ ತಲೆಯನ್ನು ತೆರೆದು ಎರಡು ಹುಳುಗಳನ್ನು ತೆಗೆದನೆಂದಿದೆ. ಬಲ್ಲಾಳನ ಭೋಜಪ್ರಬಂಧದಲ್ಲಿ ವೈದ್ಯವೇಷದ ಅಶ್ವಿನೀದೇವತೆಗಳು ರಾಜನನ್ನು ಮೂರ್ಛೆಗೊಳಿಸಿ ಕಪಾಲದಿಂದ ಮೀನನ್ನು ತೆಗೆದರೆಂದಿದೆ. ಜೀವಕನಿಗೆ ಕೋಮಾರಭಚ್ಚನೆಂಬ ಬಿರುದಿರುವುದರಿಂದ ಅವನು ಬಾಲವೈದ್ಯನೆಂದು ಕೆಲವರು ಹೇಳುವರು. ರಾಜಕುಮಾರನಿಂದ ಸಾಕಲ್ಪಟ್ಟವನೆಂಬ ಅರ್ಥವನ್ನು ಆ ಗ್ರಂಥವೇ ಕೊಡುತ್ತದೆ. ಅವನ ರೋಗಿಯೂ ಮಗುವಲ್ಲ. ಕಪಾಲವನ್ನು ತೆರೆಯಬಹುದೆಂಬ ಕಲ್ಪನೆ ಇತ್ತೆಂಬುದಕ್ಕೆ ಇವು ಸಾಕ್ಷಿ. ಅದಕ್ಕಿಂತ ಹೆಚ್ಚಿನ ಭಾರವನ್ನು ಇವು ಹೊರಲಾರವು.

ಹಾಗಾದರೆ ನಮ್ಮ ಕೌಮಾರಭೃತ್ಯದಲ್ಲಿ ಈ ವಿಷಯಕ್ಕೆ ಸಲ್ಲುವುದು ಏನೂ ಇಲ್ಲವೇ? ಇದೆ, ಆದರೆ ಅದು ಮಿತ್ರರು ಹುಡುಕಿದ ಸ್ಥಳದಲ್ಲಿಲ್ಲ. ನೇಪಾಳದ ಹೇಮರಾಜಶರ್ಮರ ಸಂಗ್ರಹದ ಹಸ್ತಪ್ರತಿಯಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರದಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬುದೊಂದಿದೆ. ಮಾತುಬಾರದ ಕೂಸಿನ ನೋವನ್ನು ತಿಳಿಯುವುದು ಹೇಗೆಂಬುದೇ ಅದರ ವಿಷಯ. ತಲೆನೋವಿನ ಕೂಸು ತಲೆಯನ್ನು ಬಹಳವಾಗಿ ಆಡಿಸುತ್ತದೆ, ಕಣ್ಣು ಮುಚ್ಚುತ್ತದೆ, ರಾತ್ರಿ ನರಳುತ್ತದೆ, ಹಾಲು ನಿದ್ದೆ ಎರಡನ್ನೂ ಬಿಡುತ್ತದೆ ಎಂದು ಅಲ್ಲಿ ಹೇಳಿದೆ. ಇಲ್ಲಿ ಗ್ರಹವಿಲ್ಲ, ಬಲಿಯಿಲ್ಲ. ತೊಟ್ಟಿಲ ಪಕ್ಕದಲ್ಲಿ ಕುಳಿತು ನೋಡಿದವನ ಕಣ್ಣು ಮಾತ್ರ ಇದೆ. ಕನ್ನಡದಲ್ಲಿಯೂ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯೆಂಬ ಗ್ರಂಥವನ್ನು ರಚಿಸಿದನೆಂದು ಕವಿಚರಿತೆಕಾರರು ಹೇಳಿ, ಅವನ ಕಾಲವನ್ನು ಸುಮಾರು 1200 ಎಂದಿಟ್ಟಿರುವರು.

ಈ ವ್ಯಾಧಿಯನ್ನು ಬೇರೆಯಾಗಿ ಕಂಡು ಹೆಸರಿಟ್ಟವರು ಅಮೆರಿಕದ ಬಾಸ್ಟನ್ ನಗರದಲ್ಲಿ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿದ್ದ ಹಾರ್ವೆ ಕುಷಿಂಗ್ ಮತ್ತು ಅವರ ಸಹಾಯಕ ಪರ್ಸಿವಲ್ ಬೇಯ್ಲಿ. ಮಕ್ಕಳ ಕಿರುಮೆದುಳಿನ ನಡುವೆ ಬೆಳೆಯುವ ಒಂದು ಜಾತಿಯ ಗಡ್ಡೆಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, 1925ರಲ್ಲಿ ಅದಕ್ಕೆ ಮೆಡುಲೊಬ್ಲಾಸ್ಟೋಮವೆಂದು ನಾಮಕರಣ ಮಾಡಿದರು. ಮೆಡುಲ್ಲವೆಂದರೆ ಲ್ಯಾಟಿನಿನಲ್ಲಿ ತಿರುಳು, ಮಜ್ಜೆ; ಬ್ಲಾಸ್ಟೋಸ್ ಎಂದರೆ ಗ್ರೀಕಿನಲ್ಲಿ ಮೊಳಕೆ. ಭ್ರೂಣದ ಮೆದುಳಿನಲ್ಲಿ ಮೆಡುಲೊಬ್ಲಾಸ್ಟ್ ಎಂಬ ಮೂಲಕಣವಿದ್ದು ಅದರಿಂದ ಈ ಗಡ್ಡೆ ಮೊಳೆಯುತ್ತದೆಂದು ಅವರು ಊಹಿಸಿದ್ದರು. ಆ ಕಣವನ್ನು ಇಂದಿನವರೆಗೂ ಯಾರೂ ಕಂಡಿಲ್ಲ. ಹೆಸರು ಮಾತ್ರ ನಿಂತಿದೆ. ನಿಘಂಟುಗಳಲ್ಲಿ ದ್ರವ್ಯವು ಕಾಣದೆಯೂ ಹೆಸರು ಉಳಿದ ಓಷಧಿಗಳನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.

ಆದರೆ ಕುಷಿಂಗರ ಹಿರಿಮೆಯು ನಾಮಕರಣದಲ್ಲಿಲ್ಲವೆಂದು ನನ್ನ ಅಭಿಪ್ರಾಯ. 1930ರಲ್ಲಿ ಅವರು ಈ ಗಡ್ಡೆಯ 61 ರೋಗಿಗಳ ವೃತ್ತಾಂತವನ್ನು ತಾವೇ ವಿಮರ್ಶಿಸಿ ಪ್ರಕಟಿಸಿದರು. ಅವರಲ್ಲಿ ಬಹುಪಾಲು ಮಕ್ಕಳು. ಮೂರು ವರ್ಷಗಳ ಮೇಲೆ ಬದುಕಿದ್ದುದು ಒಂದು ಜೀವ. ಅರುವತ್ತೊಂದರಲ್ಲಿ ಒಂದು! ಆ ಕಾಲದಲ್ಲಿ ಜಗತ್ತಿನಲ್ಲಿಯೇ ಅತಿ ಪ್ರಸಿದ್ಧನಾಗಿದ್ದ ಮೆದುಳಿನ ಶಸ್ತ್ರವೈದ್ಯನು ತನ್ನ ಸೋಲನ್ನು ಅಂಕೆಯಿಟ್ಟು ಅಚ್ಚುಹಾಕಿಸಿದನು. ಎರಡು ವರ್ಷಗಳ ತರುವಾಯ ಅವರು ಎರಡು ಸಾವಿರ ಗಡ್ಡೆಗಳ ಅನುಭವವನ್ನು ಪುಸ್ತಕವಾಗಿ ತಂದಾಗ, ಶಸ್ತ್ರಕ್ರಿಯೆಯಲ್ಲಿ ಸತ್ತವರ ಶೇಕಡಾ ಪ್ರಮಾಣವೆಂಬ ಮಾತನ್ನು ಪುಸ್ತಕದ ಹೆಸರಿನಲ್ಲಿಯೇ ಸೇರಿಸಿದರು. ರೋಗಿಗಳು ತಮ್ಮ ಶಸ್ತ್ರಕ್ರಿಯೆಯ ದಿನ ವರ್ಷಕ್ಕೊಮ್ಮೆ ಬಂದಾಗ ತಮಗೊಂದು ಕಾಗದ ಬರೆಯಬೇಕೆಂದು ಕೇಳಿಕೊಂಡಿದ್ದರು. ಈ ಲೆಕ್ಕವನ್ನೆಲ್ಲ ಬರೆದಿಡುತ್ತಿದ್ದವರು ಲೂಯೀಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಲೇಖನಸಹಾಯಕಿಯಾಗಿ ಬಂದು, ಬಳಿಕ ವೈದ್ಯಪದವಿಯನ್ನು ಪಡೆದು, ಗಡ್ಡೆಗಳ ಪರೀಕ್ಷಣದಲ್ಲಿ ಪ್ರವೀಣೆಯಾದವರು.

ನಮ್ಮ ಶಾಸ್ತ್ರವು ಇಂತಹ ಎಡೆಯಲ್ಲಿ ಏನು ಹೇಳಿತು? ಅಸಾಧ್ಯರೋಗಕ್ಕೆ ಕೈಯಿಟ್ಟ ವೈದ್ಯನು ಧನವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಚರಕನು ಸೂತ್ರಸ್ಥಾನದಲ್ಲಿ ಎಚ್ಚರಿಸಿದ್ದಾನೆ. ವ್ಯರ್ಥಚಿಕಿತ್ಸೆಯಿಂದ ರೋಗಿಯನ್ನು ಹಿಂಸಿಸಬಾರದೆಂಬ ದಯೆಯೂ ಅದರಲ್ಲಿದೆಯೆಂದು ಒಪ್ಪುತ್ತೇನೆ. ಆದರೂ ಅದರ ಫಲವೇನಾಯಿತೆಂದರೆ, ಅಸಾಧ್ಯವೆಂದು ಒಮ್ಮೆ ಬರೆದುದು ಸಾವಿರ ವರ್ಷ ಅಸಾಧ್ಯವಾಗಿಯೇ ಉಳಿಯಿತು. ಎಷ್ಟು ಮಕ್ಕಳಿಗೆ ಧೂಪ ಹಾಕಿದರು, ಎಷ್ಟು ಬದುಕಿದುವು ಎಂಬ ಲೆಕ್ಕವು ನಾನು ಓದಿದ ಯಾವ ಸಂಹಿತೆಯಲ್ಲಿಯೂ ಇಲ್ಲ.

ನಮ್ಮ ಹಿರಿಯರಿಗೆ ಎಣಿಕೆ ತಿಳಿಯದೆ ಹೀಗಾಯಿತೆನ್ನುವಂತಿಲ್ಲ. ಇದೇ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ನೋಡಿರಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಶಕ 867ರಲ್ಲಿ, ಎಂದರೆ ಕ್ರಿ. ಶ. 945ರಲ್ಲಿ, ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು. ದೀಪಕ್ಕೆ 12 ನಿವರ್ತನ ಭೂಮಿ. ಊರವರು ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯದಂತೆ ಕೊಡತಕ್ಕದ್ದು. ದೀಪದ ಎಣ್ಣೆಗೆ ಇಷ್ಟು ಕಟ್ಟುನಿಟ್ಟಿನ ಲೆಕ್ಕ! ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠದಲ್ಲಿ ರೋಗಿಗಳಿಗೆ ಔಷಧವನ್ನು ಕೊಡುತ್ತಿದ್ದರೆಂದು ಹೊಗಳುತ್ತದೆ. ಗುಣಹೊಂದಿದವರ ಸಂಖ್ಯೆಯನ್ನು ಹೇಳುವುದಿಲ್ಲ. ದಾನವು ಎಣಿಕೆಗೆ ಬಂದಿತು, ಫಲವು ಬರಲಿಲ್ಲ.

ಕುಷಿಂಗರ ಲೆಕ್ಕದಿಂದ ಮುಂದಿನವರಿಗೆ ಆದ ಉಪಕಾರವು ದೊಡ್ಡದು. ಗಡ್ಡೆಯನ್ನು ತೆಗೆದರೂ ಅದರ ಕಣಗಳು ಮೆದುಳಿನ ನೀರಿನಲ್ಲಿ ತೇಲಿ ಬೆನ್ನುಹುರಿಯವರೆಗೆ ಹಬ್ಬುತ್ತವೆಂಬುದು ತಿಳಿದ ಮೇಲೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಈಡಿತ್ ಪ್ಯಾಟರ್ಸನ್ ಎಂಬ ವೈದ್ಯೆಯು ಮೆದುಳು ಬೆನ್ನುಹುರಿಗಳೆರಡಕ್ಕೂ ಕಿರಣಚಿಕಿತ್ಸೆಯನ್ನು ಕೊಟ್ಟು, ಫಾರ್ ಎಂಬವರೊಡನೆ 1953ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ ಅರುವತ್ತೈದರಷ್ಟಾದರು. ಇದಕ್ಕೂ ಬೆಲೆ ತೆರಬೇಕಾಯಿತು. ಎಳೆಯ ಮೆದುಳಿಗೆ ಬಿದ್ದ ಕಿರಣವು ಬುದ್ಧಿಯನ್ನೂ ಬೆಳವಣಿಗೆಯನ್ನೂ ಕುಂದಿಸುತ್ತದೆಂದು ಕಂಡುಬಂದುದರಿಂದ, ಮೂರು ವರ್ಷದೊಳಗಿನ ಮಕ್ಕಳಿಗೆ ಆದಷ್ಟು ಔಷಧಗಳಿಂದಲೇ ಕಾಲ ತಳ್ಳುವ ಕ್ರಮವು ಬಂದಿತು. ಈಗ ಹಬ್ಬದೆ ಉಳಿದ ಗಡ್ಡೆಯ ದೊಡ್ಡ ಮಕ್ಕಳಲ್ಲಿ ಐವರಲ್ಲಿ ನಾಲ್ವರು ಐದು ವರ್ಷಗಳನ್ನು ದಾಟುವರು.

ಭಾರತದಲ್ಲಿ ಈ ವಿದ್ಯೆಯು 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದಲೂ 1950ರಲ್ಲಿ ಮದರಾಸಿನಲ್ಲಿ ಬಿ. ರಾಮಮೂರ್ತಿಯವರಿಂದಲೂ ಮೊದಲಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲಭಾರತ ಮಾನಸಿಕ ಆರೋಗ್ಯಸಂಸ್ಥೆಯು ಹುಟ್ಟಿ, 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರಾದ ಆರ್. ಎಂ. ವರ್ಮರು ಸ್ವತಃ ಮೆದುಳಿನ ಶಸ್ತ್ರವೈದ್ಯರು. ಅದೇ ಸಂಸ್ಥೆಯಲ್ಲಿ 1995ರಲ್ಲಿ ಎಸ್. ಕೆ. ಶಂಕರರು ಮಾನವ ಮೆದುಳಿನ ಭಂಡಾರವನ್ನು ಸ್ಥಾಪಿಸಿದರು. ಸರಸ್ವತೀಭಂಡಾರಗಳಲ್ಲಿ ಓಲೆಗಳನ್ನು ಕಾಪಾಡುವಂತೆ ಅಲ್ಲಿ ಮೆದುಳಿನ ಅಂಶಗಳನ್ನು, ಮುಂದೆ ಓದುವವನು ಬಂದಾನೆಂದು, ಕಾಪಾಡುವರು. ಈ ಆಶೆಯು ಹುಸಿಯಲ್ಲ. ಮೆಡುಲೊಬ್ಲಾಸ್ಟೋಮವು ಒಂದೇ ವ್ಯಾಧಿಯಲ್ಲ, ವಂಶಾಣುಗಳ ಭೇದದಿಂದ ನಾಲ್ಕು ಬಗೆಯೆಂದು 2012ರ ಹೊತ್ತಿಗೆ ವಿದ್ವಾಂಸರು ಒಮ್ಮತಕ್ಕೆ ಬಂದರು. ಮೇಣದಲ್ಲಿ ಹುದುಗಿಸಿಟ್ಟ ಹಳೆಯ ತುಣುಕುಗಳಿಂದಲೂ ಆ ಬಗೆಗಳನ್ನು ಗುರುತಿಸುವ ಪರೀಕ್ಷೆಯನ್ನು ನವಿ ಮುಂಬಯಿಯ ಟಾಟಾ ಸಂಶೋಧನಕೇಂದ್ರದಲ್ಲಿ ನೀಲಮ್ ಶಿರಸಾಟರ ತಂಡವು ರೂಪಿಸಿತು. ನಾಲ್ಕರಲ್ಲಿ ಒಂದು ಬಗೆಯ ಮಕ್ಕಳು ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಬದುಕುವರು.

ಇಂಡಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆದರೆ ಕೂಸನ್ನು ಎತ್ತಿಕೊಂಡ ತಾಯಿಗೆ ದೂರವಾಗುವುದು ಆ ದಾರಿಗಿಂತ ಅದಕ್ಕೆ ಮೊದಲಿನ ತಿಂಗಳುಗಳು. ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ, ಬಳಿಕ ಹಗುರವಾಗುವುದು. ನಡೆಯುವಾಗ ಓಲಾಟ, ಕಣ್ಣು ಓರೆಯಾಗುವುದು. ಇವನ್ನು ಹೊಟ್ಟೆಯ ದೋಷವೆಂದೋ ದೃಷ್ಟಿಯೆಂದೋ ಎಣಿಸಿ ಹರಕೆ ಹೊರುವುದನ್ನು ನಾನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ. ನೈಗಮೇಷನ ಶ್ಲೋಕವನ್ನು ಬಲ್ಲ ನಾನೂ ಆಗ ಬೇರೆ ಏನನ್ನೂ ಹೇಳಲಿಲ್ಲ. ಸಭೆಯಲ್ಲಿ ನಮ್ಮ ಮಿತ್ರರ ವಾದವು ನನಗೆ ರುಚಿಸದಿದ್ದುದಕ್ಕೆ ಇದೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳೆಯ ವೈದ್ಯಮನೆತನಗಳಲ್ಲಿ ಬಾಲಚಿಕಿತ್ಸೆಯ ಓಲೆಗಳಾಗಲಿ ಕಡತಗಳಾಗಲಿ ಇದ್ದಲ್ಲಿ, ಅವುಗಳ ಅಂಚುಗಳನ್ನು ಒಮ್ಮೆ ನೋಡಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ. ಇಂತಹವರ ಮಗುವಿಗೆ ಇಂತಹ ಮದ್ದು ಕೊಟ್ಟೆ, ಬದುಕಿತು, ಅಥವಾ ತೀರಿಹೋಯಿತು ಎಂದು ಯಾವನಾದರೂ ವೈದ್ಯನು ಒಂದು ಸಾಲು ಗೀಚಿದ್ದರೆ, ಅದರ ಪ್ರತಿಯನ್ನು ಈ ಪತ್ರಿಕೆಗೆ ಕಳುಹಿಸಿಕೊಡಬೇಕು.