ಉಂಗ್ರದ ಒಲೆ, ಪುರದ ಸಗಣಿ

ವಿಶ್ವವಿದ್ಯಾಲಯ ಹಸಿರಾಗಬೇಕೆಂದರೆ ಸಸಿ ನೆಡುವುದು, ಪರಿಸರದ ಪಠ್ಯವೊಂದನ್ನು ಸೇರಿಸುವುದು ಎಂದೇ ನಮ್ಮ ರೂಢಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸ ಬೇರೆ ದಾರಿ ತೋರಿಸುತ್ತದೆ. 1974ರಲ್ಲಿ ಅಲ್ಲಿ 'ಅಸ್ತ್ರ' ಹುಟ್ಟಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗೆ ಅನ್ವಯಿಸುವ ಈ ಘಟಕವನ್ನು ಕಟ್ಟಿದ ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನಶಾಸ್ತ್ರಜ್ಞರು. ಆ ವಿಷಯದ ಹೆಸರಾಂತ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಸೌದೆ, ಸಗಣಿಗಳ ಲೆಕ್ಕಕ್ಕೆ ಕೂತರು ಎಂಬುದೇ ದೊಡ್ಡ ಮಾತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸೌದೆ ಉಳಿಸುವ ಅಸ್ತ್ರ ಒಲೆ, ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ನಡೆಯಿತು. ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆಂದು ಯೋಜಿಸಿದ ಗೋಬರ್ ಅನಿಲಕ್ಕೆ ಸಿಗುವ ಸಗಣಿ ಸಾಲಲಿಲ್ಲ. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿ ನೀರು ಕೊಡಲಾಯಿತು. ಸಂಶೋಧನೆಯ ಪ್ರಶ್ನೆಯನ್ನು ಹಳ್ಳಿಯೇ ತಿದ್ದಿತು.

ಮೂಲೆಯ ಒಂದು ಘಟಕ ಇಡೀ ಸಂಸ್ಥೆಯನ್ನು ಬದಲಿಸಿತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬದಲಿಸಲಿಲ್ಲ, ಹಳ್ಳಿಯ ಒಲೆಗೆ ಹಿಡಿದ ಅಳತೆಗೋಲನ್ನು ಕ್ಯಾಂಪಸ್ಸಿನ ವಿದ್ಯುತ್ತಿಗೆ, ಪ್ರಯೋಗಾಲಯಗಳ ನೀರಿಗೆ ಹಿಡಿಯುವುದು ಅಸ್ತ್ರದ ಕೆಲಸವೂ ಆಗಿರಲಿಲ್ಲ. ಆದರೂ ಅದು ಅಳಿಯಲಿಲ್ಲ. ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರು ಪಡೆದು ಸಂಸ್ಥೆಯ ವಿಭಾಗವಾಗಿಯೇ ನಿಂತಿತು. 1983ರಲ್ಲಿ ಮಾಧವ ಗಾಡ್ಗೀಳರ ಪರಿಸರ ವಿಜ್ಞಾನ ಕೇಂದ್ರವೂ ಅದೇ ಆವರಣದಲ್ಲಿ ಬಂತು. ಸುತ್ತೋಲೆಯಿಂದ ಬಂದ ಪರಿಸರ ಪಠ್ಯ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಪ್ರಾಧ್ಯಾಪಕರ ಸಂಶೋಧನೆಯಾಗಿ ಬಂದದ್ದು ಹಾಗೆ ಮರೆಯಾಗದೆ ಮುಂದಿನ ವಿದ್ಯಾರ್ಥಿಗಳ ಪ್ರಬಂಧಗಳಿಗೂ ವಿಷಯವಾಗುತ್ತದೆ.