ಇಕ್ಕೇರಿ ವರಹ, ಹೈದರನ ಒಂದಕ್ಷರ ಮತ್ತು ನಿಮ್ಮ ಕೋಡು

ಪ್ರೋಗ್ರಾಮಿಂಗ್ ಓದಿದವರಿಗೆ 'ಇನ್‌ಹೆರಿಟೆನ್ಸ್' ಅಂದ ಕೂಡಲೇ ಏನು ನೆನಪಾಗುತ್ತೆ? ಅನಿಮಲ್ ಅಂತ ಒಂದು ಕ್ಲಾಸು, ಅದರ ಕೆಳಗೆ ಡಾಗ್ ಅಂತ ಇನ್ನೊಂದು. ನಾನೂ ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು. ಅದು ನಿಜವಾಗಿ ತಲೆಗೆ ಹತ್ತಿದ್ದು ನಮ್ಮ ಮಲೆನಾಡಿನ ಒಂದು ಚಿನ್ನದ ನಾಣ್ಯದಿಂದ.

ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು ಅಂದ್ರೆ ಇವತ್ತಿನ ನಗರ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. ಇವೆಲ್ಲ ಕೆಳದಿ ನಾಯಕರ ಜಾಗಗಳು. ಅವರು ಮೊದಲು ವಿಜಯನಗರದ ಸಾಮಂತರು.

ವಿಜಯನಗರದ ವರಹ ಸುಮಾರು 3.4 ಗ್ರಾಂ ಚಿನ್ನ. ಎರಡನೇ ಹರಿಹರನ ಕೆಲವು ವರಹಗಳ ಮುಂಬದಿಯಲ್ಲಿ ಶಿವ ಪಾರ್ವತಿ ಜೊತೆಯಾಗಿ ಕೂತಿದ್ದಾರೆ, ಹಿಂಬದಿಯಲ್ಲಿ ರಾಜನ ಹೆಸರು. ಇಕ್ಕೇರಿ ವರಹದಲ್ಲೂ ಅದೇ ಶಿವ ಪಾರ್ವತಿ. ಹಿಂಬದಿಯ ಹೆಸರು ಮಾತ್ರ 'ಶ್ರೀ ಸದಾಶಿವ'. ವಿಜಯನಗರದ್ದು ಬೇಸ್ ಕ್ಲಾಸ್, ಇಕ್ಕೇರಿಯದ್ದು ಡಿರೈವ್ಡ್ ಕ್ಲಾಸ್ ಅಂದ್ಕೊಳ್ಳಿ. ತೂಕ, ಚಿತ್ರ ಮೇಲಿಂದ ಬಂತು. ಹೆಸರನ್ನಷ್ಟೇ ಓವರ್‌ರೈಡ್ ಮಾಡಿದ್ರು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಅವನು ಹೊರಡಿಸಿದ ವರಹ ನೋಡಿ: ಮುಂಬದಿಯಲ್ಲಿ ಅದೇ ಶಿವ ಪಾರ್ವತಿ! ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಒಂದೇ ಅಕ್ಷರ, ಅವನ ಹೆಸರಿನ 'ಹ'. ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಸಂತೆಯಲ್ಲಿ ಜನ ನಂಬಿದ ಮುಖವನ್ನು ಹೊಸ ದೊರೆ ಯಾಕೆ ಕೆಡಿಸಬೇಕು? ಮಗ ಟಿಪ್ಪು ಮಾತ್ರ ಚಿತ್ರವನ್ನೇ ತೆಗೆದು ಎರಡೂ ಬದಿ ಪರ್ಷಿಯನ್ ಬರಹ ಹಾಕಿಸಿದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ ಪಾರ್ವತಿ ವಾಪಸ್ ಬಂದ್ರು, ಹಿಂದೆ 'ಶ್ರೀ ಕೃಷ್ಣರಾಜ'.

ಈಗ ನಾರ್ವೆಗೆ ಹೋಗೋಣ. 1967ರಲ್ಲಿ ಓಸ್ಲೋದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ಡ್ ಇದೇ ಯೋಚನೆಯನ್ನು ಸಿಮ್ಯುಲಾ 67 ಭಾಷೆಗೆ ತಂದ್ರು. ಸಮಾನ ಅಂಶಗಳನ್ನು ಒಂದು ಕ್ಲಾಸಿನಲ್ಲಿ ಒಮ್ಮೆ ಬರೆಯೋದು, ವ್ಯತ್ಯಾಸವನ್ನಷ್ಟೇ ಕೆಳಗಿನದರಲ್ಲಿ ಬರೆಯೋದು. ಮುಂದೆ ಬ್ಯಾರ್ನೆ ಸ್ಟ್ರೌಸ್ಟ್ರಪ್ ಸಿ ಪ್ಲಸ್ ಪ್ಲಸ್ ಕಟ್ಟುವಾಗ 'ಸೂಪರ್', 'ಸಬ್' ಅನ್ನೋ ಹೆಸರುಗಳು ಗೊಂದಲ ಅನಿಸಿ 'ಬೇಸ್', 'ಡಿರೈವ್ಡ್' ಅಂತ ಕರೆದ್ರು. ಗೊಂದಲ ಸಹಜವೇ. ಸಬ್‌ನಲ್ಲಿ ಸೂಪರ್‌ಗಿಂತ ಹೆಚ್ಚು ಸಾಮಾನು ಇರುತ್ತಲ್ಲ!

ಆದ್ರೆ ನಾಣ್ಯಕ್ಕೂ ಕೋಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ನಾನು ಎಡವಿದ್ದೂ ಅಲ್ಲೇ. 1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತರೂ ಇಕ್ಕೇರಿ ವರಹ ನಿಲ್ಲಲಿಲ್ಲ. ಅಚ್ಚು ಇವರ ಕೈಯಲ್ಲೇ ಇತ್ತು. ಕೋಡಿನಲ್ಲಿ ಹಾಗಲ್ಲ. ಡಿರೈವ್ಡ್ ಕ್ಲಾಸ್ ನಕಲು ಅಂತ ನಾನು ತಿಳಿದಿದ್ದೆ. ಬೇಸ್‌ನಲ್ಲಿ ಒಂದು ಸಾಲು ಬದಲಿಸಿದೆ, ಕೆಳಗಿನ ನಾಲ್ಕು ಕ್ಲಾಸು ಒಟ್ಟಿಗೆ ಕೆಟ್ಟವು.

ಮನೆಯ ಆಸ್ತಿ ವಾರಸುದಾರನಿಗೆ ಬರೋದು ಹಿರಿಯರು ಹೋದ ಮೇಲೆ. ಕೋಡಿನ ವಾರಸುದಾರಿಕೆಯಲ್ಲಿ ಹಿರಿಯರು ಬದುಕಿರಲೇಬೇಕು, ಅವರಿಗೆ ನೆಗಡಿಯಾದ್ರೆ ಮಕ್ಕಳಿಗೂ ಸೀನು. ಹಾಗಾಗಿ ಬೇಸ್ ಕ್ಲಾಸ್ ಮುಟ್ಟೋ ಮುಂಚೆ ಅದನ್ನು ನಂಬಿಕೊಂಡಿರೋದು ಯಾರ್ಯಾರು ಅಂತ ಒಮ್ಮೆ ನೋಡ್ಕೊಳ್ಳಿ. ಮತ್ತೆ ಸಿಗೋಣ.